ನಾಲ್ಕು ಔನ್ಸ್ ಗ್ಲೌಸು ಸ್ಪಾರಿಂಗ್‌ಗಲ್ಲ

ಎಂಎಂಎ, ಅಂದರೆ ಹೊಡೆತ, ಹಿಡಿತ, ನೆಲದಾಟ ಎಲ್ಲ ಸೇರಿದ ಮಿಶ್ರ ಸಮರಕಲೆ, ಕಲಿಯಲು ಹೊಸದಾಗಿ ಸೇರಿದವರು ಯಾವ ಗ್ಲೌಸು ಕೊಂಡು ತಂದಿದ್ದಾರೆಂದು ಅವರು ಬ್ಯಾಗ್ ಬಿಚ್ಚುವ ಮೊದಲೇ ಹೇಳಿಬಿಡಬಹುದು. ಬೆರಳು ತೆರೆದಿರುವ, ತೆಳ್ಳಗಿನ, ಟೀವಿಯಲ್ಲಿ ಕಾಣುವಂಥದ್ದೇ 4 ಔನ್ಸ್ ಜೋಡಿ. ಅದನ್ನು ಹಾಕಿಕೊಂಡೇ ತೂಗುಬ್ಯಾಗ್‌ಗೆ ಹೊಡೆಯುತ್ತಾರೆ, ತರಬೇತುದಾರರು ಹಿಡಿದ ಪ್ಯಾಡ್‌ಗೆ ಹೊಡೆಯುತ್ತಾರೆ, ಎರಡು ತಿಂಗಳು ಕಳೆಯುವುದರೊಳಗೆ ಸ್ಪಾರಿಂಗ್‌ಗೆ, ಅಂದರೆ ಜೊತೆಗಾರನೊಂದಿಗಿನ ಅಭ್ಯಾಸದ ಕಾಳಗಕ್ಕೆ, ನಿಂತು ಅವನ ಮುಖಕ್ಕೂ ಹೊಡೆಯುತ್ತಾರೆ. ಬೇಡ ಅಂದರೆ, ‘ಇದು ಎಂಎಂಎ ಗ್ಲೌಸೇ ಅಲ್ವಾ ಸರ್, ನಾನು ಕಲೀತಿರೋದೂ ಎಂಎಂಎ ತಾನೇ?’ ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಈ ತಿಳಿವಳಿಕೆಯಿಂದ ಮುರಿದಿರುವ ಕೈಗಳಿಗೆ, ಸೀಳಿದ ಹುಬ್ಬುಗಳಿಗೆ ಲೆಕ್ಕವಿಲ್ಲ. ಆ 4 ಔನ್ಸ್ ಗ್ಲೌಸು ಇರುವುದು ಪಂದ್ಯಕ್ಕೆ, ಅಭ್ಯಾಸಕ್ಕಲ್ಲ.

ಗೊಂದಲ ಶುರುವಾಗುವುದು ಔನ್ಸ್ ಎಂಬ ಪದದಿಂದ. ಔನ್ಸ್ ಅಂದರೆ ಗ್ಲೌಸಿನ ತೂಕ. ಕೈಯ ಅಳತೆಗೂ ಅದಕ್ಕೂ ಸಂಬಂಧವಿಲ್ಲ. ‘ನನ್ನ ಕೈ ಚಿಕ್ಕದು, 4 ಔನ್ಸ್ ಸಾಕು, ಅಣ್ಣನ ಕೈ ದೊಡ್ಡದು, ಅವನಿಗೆ 7 ಔನ್ಸ್ ಕೊಡಿಸ್ತೀನಿ’ ಎನ್ನುವವರು ಇವತ್ತಿಗೂ ಸಿಗುತ್ತಾರೆ. ಕೈಯ ಅಳತೆಗೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಗುರುತು ಬೇರೆಯೇ ಇರುತ್ತದೆ. ಅಣ್ಣನಿಗೂ ತಮ್ಮನಿಗೂ ಎಂಎಂಎ ಸ್ಪಾರಿಂಗ್‌ಗೆ 7 ಔನ್ಸೇ ಬೇಕು; ಒಬ್ಬನಿಗೆ ಲಾರ್ಜ್, ಇನ್ನೊಬ್ಬನಿಗೆ ಸ್ಮಾಲ್, ಅಷ್ಟೇ ವ್ಯತ್ಯಾಸ. ಒಂದು ಔನ್ಸ್‌ಗೆ 28 ಗ್ರಾಂ ಚಿಲ್ಲರೆ. ಹಾಗಾಗಿ 4 ಔನ್ಸ್ ಗ್ಲೌಸು ಒಂದು ಕೈಗೆ ಸುಮಾರು 113 ಗ್ರಾಂ, 7 ಔನ್ಸಿನದು ಸುಮಾರು 198 ಗ್ರಾಂ, ಬಾಕ್ಸಿಂಗ್ ಸ್ಪಾರಿಂಗ್‌ಗೆ ಬಳಸುವ 16 ಔನ್ಸಿನದು ಸುಮಾರು 454 ಗ್ರಾಂ. ಆ 113 ಗ್ರಾಂನಲ್ಲಿ ಚರ್ಮ, ದಾರ, ಮಣಿಕಟ್ಟಿನ ಪಟ್ಟಿ, ವೆಲ್ಕ್ರೋ ಎಲ್ಲದರ ತೂಕವೂ ಸೇರಿದೆ. ಅವನ್ನೆಲ್ಲ ಕಳೆದರೆ ಗೆಣ್ಣಿನ ಮೇಲೆ ಫೋಮ್ ಎಷ್ಟು ಉಳಿದೀತು? ಗ್ಲೌಸು ಕೈಗೆತ್ತಿಕೊಂಡು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ಈ ಫೋಮ್ ಮಾಡುವ ಕೆಲಸ ಎರಡು. ಏಟಿನ ಬಲವನ್ನು ಹೆಚ್ಚು ಜಾಗಕ್ಕೆ ಹರಡುವುದು ಒಂದು, ಏಟು ತಗಲುವ ಗಳಿಗೆಯನ್ನು ತುಸು ಉದ್ದ ಮಾಡುವುದು ಇನ್ನೊಂದು. ಜೋರಾಗಿ ಬರುವ ಚೆಂಡನ್ನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾ ಹಿಡಿದರೆ ಅಂಗೈ ಉರಿಯುವುದಿಲ್ಲ, ಕೈ ಗಟ್ಟಿಯಾಗಿಟ್ಟರೆ ಉರಿಯುತ್ತದೆ. ಚೆಂಡು ಅದೇ, ವೇಗ ಅದೇ. ನಿಲ್ಲಲು ತೆಗೆದುಕೊಂಡ ಸಮಯ ಬೇರೆ. ದಪ್ಪ ಫೋಮ್ ಕುಸಿಯುತ್ತಾ ಕುಸಿಯುತ್ತಾ ಮುಷ್ಟಿಯನ್ನು ನಿಲ್ಲಿಸುತ್ತದೆ. ತೆಳು ಫೋಮ್‌ಗೆ ಕುಸಿಯಲು ಜಾಗವೇ ಇಲ್ಲ, ತಕ್ಷಣ ತಳ ಮುಟ್ಟುತ್ತದೆ, ಆಮೇಲೆ ಹೊಡೆಯುವುದು ಮೂಳೆ. 4 ಔನ್ಸಿನ ಗ್ಲೌಸಿನಲ್ಲಿ ಹೊಡೆದಾಗ ತೋರುಬೆರಳು, ನಡುಬೆರಳುಗಳ ಗೆಣ್ಣು ಎದುರಿನವರ ಹುಬ್ಬಿನ ಮೂಳೆಗೆ ಬಹುಮಟ್ಟಿಗೆ ನೇರವಾಗಿಯೇ ತಾಗುತ್ತದೆ. ಅಲ್ಲಿ ಚರ್ಮದ ಕೆಳಗೆ ಕೊಬ್ಬು ಕಡಿಮೆ. ಹಾಗಾಗಿಯೇ ಹುಬ್ಬು ಅಷ್ಟು ಸುಲಭವಾಗಿ ಸೀಳುತ್ತದೆ.

ಹಾಗಾದರೆ ಈ ತೆಳು ಗ್ಲೌಸು ಯಾಕಿದೆ? ಎಂಎಂಎ ಪಂದ್ಯ ನಡೆಸುವ ಅಮೆರಿಕದ ಯುಎಫ್‌ಸಿ ಸಂಸ್ಥೆಯ 1993ರ ಮೊದಲ ಕೂಟದಲ್ಲಿ ಗ್ಲೌಸು ಕಡ್ಡಾಯವಾಗಿರಲಿಲ್ಲ, ಹೆಚ್ಚಿನವರು ಬರಿಗೈಯಲ್ಲೇ ಇಳಿದರು. ಕಡ್ಡಾಯವಾದದ್ದು 1997ರಲ್ಲಿ, ಯುಎಫ್‌ಸಿ 14 ಎಂಬ ಕೂಟದಿಂದ. ಆಮೇಲೆ ಅಮೆರಿಕದ ನ್ಯೂಜೆರ್ಸಿಯಲ್ಲಿ ರೂಪುಗೊಂಡ ಎಂಎಂಎ ಪಂದ್ಯಗಳ ಏಕೀಕೃತ ನಿಯಮಗಳು 4ರಿಂದ 6 ಔನ್ಸ್ ಎಂದು ಮಿತಿ ಹಾಕಿದವು. ಹಿಡಿಯಲು, ಪಟ್ಟು ಹಾಕಲು ಬೆರಳು ಬಿಡುವಾಗಿರಬೇಕು, ಜೊತೆಗೆ ಹೊಡೆಯುವವನ ಗೆಣ್ಣಿನ ಚರ್ಮ ಸುಲಿಯಬಾರದು, ಮೂಳೆಗೆ ಒಂದಿಷ್ಟು ಆಸರೆ ಇರಬೇಕು. ಪಂದ್ಯದ ಗ್ಲೌಸು ಕೊಡುವುದು ಅಷ್ಟನ್ನೇ. ಅದು ಹಾಕಿಕೊಂಡವನ ಕೈಗೆ ಮಾಡಿದ್ದು, ಎದುರಿನವನ ಮುಖಕ್ಕಲ್ಲ. ಪಂದ್ಯದ ದಿನ ಎದುರಿಗಿರುವವನು ಎದುರಾಳಿ. ಜಿಮ್‌ನಲ್ಲಿ ಎದುರಿಗಿರುವವನು ನಾಳೆಯೂ ನಮ್ಮೊಂದಿಗೆ ಕಲಿಯಬೇಕಾದವನು. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರಿಕೆಯನ್ನೂ ಕೊಡಲೇಬೇಕು. 16 ಔನ್ಸ್ ಹಾಕಿದ್ದೇವೆ ಎಂದು ತಲೆಗೆ ಬಿರುಸಾಗಿ ಹೊಡೆಯಬಹುದು ಎಂದಲ್ಲ. ದಪ್ಪ ಫೋಮ್ ಚರ್ಮ ಸೀಳುವುದನ್ನು, ಮೂಳೆ ಮುರಿಯುವುದನ್ನು ಕಡಿಮೆ ಮಾಡುತ್ತದೆ. ತಲೆ ಗಿರ‍್ರನೆ ತಿರುಗಿದಾಗ ಮಿದುಳಿಗೆ ಆಗುವ ಅಲುಗಾಟವನ್ನು ಅದು ತಡೆಯಲಾರದು. ಅದನ್ನು ಕಡಿಮೆ ಮಾಡುವ ದಾರಿ ಒಂದೇ, ಮೆಲ್ಲಗೆ ಹೊಡೆಯುವುದು.

ಕೆಲಸಕ್ಕೆ ತಕ್ಕ ಗ್ಲೌಸು ಯಾವುದು? ತೂಗುಬ್ಯಾಗ್‌ಗೆ 12ರಿಂದ 14 ಔನ್ಸಿನ ಬಾಕ್ಸಿಂಗ್ ಗ್ಲೌಸು. ಬರೀ ಕೈಕಾಲಿನ ನಿಂತಾಟದ ಸ್ಪಾರಿಂಗ್‌ಗೆ ದೊಡ್ಡವರಲ್ಲಿ ಹೆಚ್ಚಿನವರಿಗೆ 16 ಔನ್ಸ್, ತೀರಾ ಹಗುರ ಮೈಯವರಿಗೆ ತರಬೇತುದಾರರು ಒಪ್ಪಿದರೆ 14. ಬ್ಯಾಗ್‌ನ ಜೋಡಿಯನ್ನೇ ಸ್ಪಾರಿಂಗ್‌ಗೂ ತರಬೇಡಿ. ಬ್ಯಾಗ್‌ಗೆ ಹೊಡೆದೂ ಹೊಡೆದೂ ಅದರ ಫೋಮ್ ಗೆಣ್ಣಿನ ಜಾಗದಲ್ಲೇ ಕೂತುಹೋಗಿರುತ್ತದೆ. ಹೊಡೆತ, ಹಿಡಿತ, ನೆಲದಾಟ ಮೂರೂ ಸೇರಿದ ಸ್ಪಾರಿಂಗ್‌ಗೆ 7 ಔನ್ಸಿನ ತೆರೆದ ಬೆರಳಿನ ಗ್ಲೌಸು. ಅಂಗಡಿಗಳಲ್ಲಿ ಇದಕ್ಕೆ ಎಂಎಂಎ ಸ್ಪಾರಿಂಗ್ ಗ್ಲೌಸ್ ಅಥವಾ ಹೈಬ್ರಿಡ್ ಎನ್ನುತ್ತಾರೆ. ಗೆಣ್ಣಿನ ಮೇಲೆ ದಪ್ಪ ಫೋಮ್, ಹೆಚ್ಚಿನವಕ್ಕೆ ಹೆಬ್ಬೆರಳಿಗೂ ಒಂದು ಹೊದಿಕೆ ಇರುತ್ತದೆ. ಒಂದೇ ಜೋಡಿ ಕೊಳ್ಳುವಷ್ಟೇ ಹಣವಿದೆ ಎನ್ನುವವರು 16 ಔನ್ಸಿನ ಬಾಕ್ಸಿಂಗ್ ಗ್ಲೌಸು ಕೊಳ್ಳಲಿ, ಎರಡನೆಯದಾಗಿ 7 ಔನ್ಸಿನದು. ಗ್ರಾಪ್ಲಿಂಗ್‌ಗೆ, ಅಂದರೆ ಹೊಡೆತವಿಲ್ಲದ ಬರೀ ಹಿಡಿತ, ಪಟ್ಟುಗಳ ಅಭ್ಯಾಸಕ್ಕೆ, ಗ್ಲೌಸೇ ಬೇಡ. 4 ಔನ್ಸ್ ಬೇಕಾಗುವುದು ಪಂದ್ಯ ಗೊತ್ತಾದ ಮೇಲೆ, ಕೊನೆಯ ಕೆಲವು ವಾರಗಳಲ್ಲಿ. ಅದೂ ತರಬೇತುದಾರರು ಹಿಡಿದ ಪ್ಯಾಡ್‌ಗೆ, ಮತ್ತು ಹೊಡೆತವಿಲ್ಲದ ಹಿಡಿತದ ಅಭ್ಯಾಸಕ್ಕೆ. ಅಮೆಚೂರ್ (ಹವ್ಯಾಸಿ) ಪಂದ್ಯಗಳಲ್ಲಿ ಹಲವು ಕಡೆ 6 ಅಥವಾ 7 ಔನ್ಸಿನ ಗ್ಲೌಸೇ ಇರುತ್ತದೆ, ಹಾಗಾಗಿ ಮೊದಲ ಪಂದ್ಯಕ್ಕೂ 4 ಔನ್ಸಿನದು ಬೇಕಾಗದೇ ಹೋಗಬಹುದು. ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ.

4 ಔನ್ಸ್ ಹಾಕಿ ದಿನವೂ ಬ್ಯಾಗ್‌ಗೆ ಹೊಡೆದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಮೊದಲು ಗೆಣ್ಣಿನ ಸಿಪ್ಪೆ ಸುಲಿಯುತ್ತದೆ. ಆಮೇಲೆ ಮಣಿಕಟ್ಟು ನೋಯುತ್ತದೆ, ಏಕೆಂದರೆ ಆ ಗ್ಲೌಸಿನ ಪಟ್ಟಿ ಮಣಿಕಟ್ಟಿಗೆ ಕೊಡುವ ಆಸರೆ ಬಹಳ ಕಡಿಮೆ. ದಣಿದ ಮೇಲೆ ಮುಷ್ಟಿ ಸಡಿಲವಾಗಿ ಹೊರಮಗ್ಗುಲಿನಿಂದ ತಾಗತೊಡಗುತ್ತದೆ, ಆಗ ಕಿರುಬೆರಳಿನ ಬುಡದ ಅಂಗೈಮೂಳೆ ಗೆಣ್ಣಿನ ಹಿಂಬದಿಯಲ್ಲೇ ಮುರಿಯುವುದುಂಟು. ವೈದ್ಯರು ಇದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ನಡುಬೆರಳ ಗೆಣ್ಣಿಗೆ ಮತ್ತೆ ಮತ್ತೆ ಏಟು ಬಿದ್ದರೆ ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜನ್ನು ಗೆಣ್ಣಿನ ನೆತ್ತಿಯಲ್ಲಿ ಹಿಡಿದಿಡುವ ಪಟ್ಟಿ ಹರಿಯುವುದುಂಟು. ಹಾಗಾದಾಗ ಮುಷ್ಟಿ ಕಟ್ಟುವಾಗಲೆಲ್ಲ ಆ ಸ್ನಾಯುರಜ್ಜು ಪಕ್ಕಕ್ಕೆ ಜಾರುವುದು ಕಣ್ಣಿಗೇ ಕಾಣುತ್ತದೆ. ಅದು ಐಸ್ ಇಟ್ಟು ವಾಸಿಯಾಗುವಂಥದ್ದಲ್ಲ.

ಅಳತೆ ನೋಡುವ ರೀತಿ ಹೀಗೆ. ಬಲವಾದ ಕೈಗೆ, ಅಭ್ಯಾಸದ ದಿನ ಗ್ಲೌಸಿನೊಳಗೆ ಸುತ್ತುವ ಬಟ್ಟೆಯ ಕೈಪಟ್ಟಿಯನ್ನೇ ಸುತ್ತಿಕೊಂಡು, ಹೆಬ್ಬೆರಳು ಬಿಟ್ಟು ಗೆಣ್ಣಿನ ಕೆಳಗೆ ಅಂಗೈಯ ಸುತ್ತಳತೆ ತೆಗೆಯಿರಿ. ಬರಿಗೈ ಅಳತೆ ತೆಗೆದು ಆಮೇಲೆ ಪಟ್ಟಿ ಸುತ್ತಿ ‘ಟೈಟ್ ಆಯ್ತು’ ಎನ್ನುವವರೇ ಹೆಚ್ಚು. ಒಬ್ಬ ತಯಾರಕನ ಮೀಡಿಯಂ ಇನ್ನೊಬ್ಬನ ಲಾರ್ಜ್ ಆಗಿರುತ್ತದೆ, ಆದ್ದರಿಂದ ಆಯಾ ತಯಾರಕನ ಅಳತೆಪಟ್ಟಿಯನ್ನೇ ನೋಡಿ.

ಹಾಕಿಕೊಂಡ ಮೇಲೆ ಮುಷ್ಟಿ ಗಟ್ಟಿಯಾಗಿ ಕಟ್ಟಿ. ಫೋಮ್ ನಾಲ್ಕೂ ಗೆಣ್ಣುಗಳನ್ನು ಮುಚ್ಚಿ, ಬೆರಳಿನ ಮೊದಲ ಮಡಿಕೆಯ ಕಡೆಗೆ ಅರ್ಧದಷ್ಟಾದರೂ ಇಳಿದಿರಬೇಕು. ಮುಷ್ಟಿ ಕಟ್ಟಿದಾಗ ಫೋಮ್ ಮೇಲಕ್ಕೆ ಸರಿದು ಗೆಣ್ಣು ಇಣುಕಿದರೆ ಆ ಗ್ಲೌಸು ಚಿಕ್ಕದು. ಕಿರುಬೆರಳ ಗೆಣ್ಣನ್ನು ಪ್ರತ್ಯೇಕವಾಗಿ ನೋಡಿ, ಅಗ್ಗದ ಗ್ಲೌಸುಗಳು ಮೋಸ ಮಾಡುವುದು ಅಲ್ಲಿಯೇ. ಈಗ ಇನ್ನೊಂದು ಕೈಯ ಅಂಗೈಗೆ ಮೆಲ್ಲಗೆ ಗುದ್ದಿ, ಗ್ಲೌಸು ಎಡಕ್ಕೋ ಬಲಕ್ಕೋ ಹೊರಳಿದರೆ ಅದು ದೊಡ್ಡದು. ಬೆರಳಿನ ಉಂಗುರಗಳೊಳಗೆ ಬೆರಳು ಬುಡದವರೆಗೆ ಹೋಗಬೇಕು, ಆದರೆ ಎರಡು ನಿಮಿಷ ಮುಷ್ಟಿ ಕಟ್ಟಿ ಬಿಡುವಷ್ಟರಲ್ಲಿ ತುದಿ ಜೋಮು ಹಿಡಿಯಬಾರದು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮೆತ್ತನೆಯ ಜಾಗದಲ್ಲಿ ಹೊಲಿಗೆ ಉಜ್ಜುತ್ತಿದ್ದರೆ ಅಂಗಡಿಯಲ್ಲೇ ವಾಪಸ್ ಕೊಡಿ, ಅರ್ಧ ಗಂಟೆಯ ಅಭ್ಯಾಸದಲ್ಲಿ ಅಲ್ಲಿ ಗಾಯವಾಗುತ್ತದೆ. ಮಣಿಕಟ್ಟಿನ ಪಟ್ಟಿ ಒಂದೂವರೆ ಸುತ್ತಾದರೂ ಬರಬೇಕು. ಒಂದೇ ಸುತ್ತಿನದು ಬೆವರಿಗೆ ಬಿಚ್ಚಿಕೊಳ್ಳುತ್ತದೆ.

ಬಾಗಿದ ಗ್ಲೌಸೋ ನೆಟ್ಟಗಿನದೋ ಎನ್ನುವುದನ್ನು ಕೊಳ್ಳುವವರು ನೋಡುವುದೇ ಇಲ್ಲ. ನೆಟ್ಟಗಿರುವ ಗ್ಲೌಸಿನಲ್ಲಿ ಕೈ ಸಡಿಲ ಬಿಟ್ಟರೆ ಬೆರಳು ತಾನಾಗಿಯೇ ಮುಂದಕ್ಕೆ ಚಾಚಿಕೊಳ್ಳುತ್ತದೆ, ಮುಷ್ಟಿ ಕಟ್ಟಲು ಪ್ರತಿ ಸಲವೂ ಶ್ರಮ ಬೇಕು. ಚಾಚಿದ ಬೆರಳು ಎದುರಿನವರ ಕಣ್ಣಿಗೆ ಹೋಗುತ್ತದೆ. ಏಕೀಕೃತ ನಿಯಮಗಳ 2017ರ ತಿದ್ದುಪಡಿಯಲ್ಲಿ ಬೆರಳು ಚಾಚಿ ಎದುರಾಳಿಯ ಮುಖದತ್ತ ಕೈ ಒಯ್ಯುವುದನ್ನೇ ಫೌಲ್ ಎಂದು ಸೇರಿಸಿದರು. ಮೊದಲೇ ಬಾಗಿಸಿ ಹೊಲಿದ ಗ್ಲೌಸು ಈ ಅಪಾಯವನ್ನು ಕಡಿಮೆ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಆದರೆ ಅಭ್ಯಾಸ ಕೆಟ್ಟಿದ್ದರೆ ಯಾವ ಗ್ಲೌಸೂ ಉಳಿಸದು. ಗ್ಲೌಸಿನ ಆಕಾರ ಬದಲಿಸುವುದು ಸುಲಭದ ಮಾತೂ ಅಲ್ಲ. ಯುಎಫ್‌ಸಿ 2024ರ ಮಧ್ಯದಲ್ಲಿ ಹೊಸ ವಿನ್ಯಾಸ ತಂದು ಅದೇ ವರ್ಷದ ನವೆಂಬರ್‌ನಲ್ಲಿ ಹಳೆಯದಕ್ಕೇ ಮರಳಿತು.

ದಪ್ಪ ಗ್ಲೌಸಿನ ಬಗ್ಗೆ ಗ್ರಾಪ್ಲಿಂಗ್ ಬಲ್ಲವರ ತಕರಾರು ನ್ಯಾಯವಾದದ್ದೇ. ಹಿಂದಿನಿಂದ ಕೊರಳು ಬಿಗಿಯುವ ಪಟ್ಟನ್ನು ನೋಡಿ. ಒಂದು ಕೈ ಗಲ್ಲದ ಕೆಳಗೆ ಹಾದು ಇನ್ನೊಂದು ಕೈಯ ತೋಳು ಹಿಡಿಯಬೇಕು, ಆ ಇನ್ನೊಂದು ಕೈ ಎದುರಾಳಿಯ ತಲೆಯ ಹಿಂದೆ, ನಿಮ್ಮ ಎದೆಗೂ ಅವನ ತಲೆಗೂ ನಡುವೆ ಜಾರಬೇಕು. ಬರಿಗೈ ಸಲೀಸಾಗಿ ಜಾರುತ್ತದೆ. 7 ಔನ್ಸಿನ ಗ್ಲೌಸು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಆ ಒಂದು ಕ್ಷಣದಲ್ಲಿ ಎದುರಾಳಿ ಕೈ ಕಿತ್ತೆಸೆಯುತ್ತಾನೆ. ಇದಕ್ಕೆ ಪರಿಹಾರ ಸ್ಪಾರಿಂಗ್‌ನಲ್ಲಿ 4 ಔನ್ಸಿಗೆ ಇಳಿಯುವುದಲ್ಲ. ಕೈಯ ಅಂಚನ್ನು ಮೊದಲು ತೂರಿಸಿ, ಅಂಗೈ ಚಪ್ಪಟೆ ಮಾಡಿ ಆಮೇಲೆ ತಿರುಗಿಸುವುದನ್ನು ಗ್ಲೌಸು ಹಾಕಿಕೊಂಡೇ ನಿಧಾನವಾಗಿ ಕಲಿಯಬೇಕು. 7 ಔನ್ಸಿನಲ್ಲಿ ಜಾರಿಸಲು ಬಂದವರಿಗೆ 4 ಔನ್ಸ್ ಸಲೀಸು.

ಕೈಪಟ್ಟಿಯ ವಿಚಾರ ಚುಟುಕಾಗಿ. ಬಾಕ್ಸಿಂಗ್ ಗ್ಲೌಸಿನೊಳಗೆ 180 ಇಂಚಿನದು, ಅಂದರೆ ಸುಮಾರು ನಾಲ್ಕೂವರೆ ಮೀಟರ್. ತೆರೆದ ಬೆರಳಿನ ಗ್ಲೌಸಿನೊಳಗೆ ಅಷ್ಟು ಹಿಡಿಯುವುದಿಲ್ಲ, 108 ಅಥವಾ 120 ಇಂಚಿನದು ಸಾಕು, ಹೆಚ್ಚಿನ ಸುತ್ತು ಮಣಿಕಟ್ಟಿಗೆ ಹೋಗಲಿ. ಪಂದ್ಯದ ದಿನದ್ದು ಬೇರೆಯೇ ಲೆಕ್ಕ. ಏಕೀಕೃತ ನಿಯಮದ ಮೂಲ ಪಾಠದಂತೆ ಒಂದು ಕೈಗೆ 2 ಇಂಚು ಅಗಲದ ಮೆತ್ತನೆಯ ಗಾಜ್ ಬಟ್ಟೆ 13 ಗಜ ಮೀರಬಾರದು, 1 ಇಂಚು ಅಗಲದ ಟೇಪ್ 10 ಅಡಿ ಮೀರಬಾರದು, ಸುತ್ತುವುದು ಅಧಿಕಾರಿಗಳ ಕಣ್ಣೆದುರೇ ಆಗಬೇಕು. ಸ್ಥಳೀಯ ನಿಯಮ ಬೇರೆ ಇದ್ದೀತು, ಓದಿಕೊಂಡೇ ಹೋಗಿ. ಗ್ಲೌಸನ್ನು ಸಾಮಾನ್ಯವಾಗಿ ಸಂಘಟಕರೇ ಕೊಡುತ್ತಾರೆ. ಹೊಸ ಗ್ಲೌಸು ಬಿರುಸಾಗಿರುತ್ತದೆ ಎಂದು ಫೋಮ್ ತಿರುಚಲು, ಸರಿಸಲು ಹೋಗಬೇಡಿ. ಕೈ ಬಿಚ್ಚಿ ಮುಚ್ಚಿ ಮೆದುಗೊಳಿಸಿದರೆ ಸಾಕು.

ಗ್ಲೌಸು ಕಾಲ ಮುಗಿಸಿದ್ದು ಗೊತ್ತಾಗುವುದು ಹೀಗೆ. ಗೆಣ್ಣಿನ ಜಾಗವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ ಬಿಡಿ. ಗುಳಿ ತಕ್ಷಣ ತುಂಬಿಕೊಂಡರೆ ಫೋಮ್‌ಗೆ ಜೀವವಿದೆ. ಗುಳಿ ಹಾಗೇ ನಿಂತರೆ, ಅಥವಾ ಒಳಗಿನ ಗೆಣ್ಣು ಬೆರಳಿಗೆ ಸಿಕ್ಕರೆ, ಚರ್ಮ ಎಷ್ಟೇ ಹೊಳೆಯುತ್ತಿರಲಿ, ಸ್ಪಾರಿಂಗ್‌ಗೆ ಅದು ಬೇಡ. ವೆಲ್ಕ್ರೋದ ತುದಿ ಎದ್ದಿದ್ದರೆ ಟೇಪ್ ಸುತ್ತಿ; ಆ ಒರಟು ಅಂಚು ಜೊತೆಗಾರನ ಕಣ್ಣುಗುಡ್ಡೆಯನ್ನೇ ಕೆರೆಯಬಲ್ಲದು. ಅಭ್ಯಾಸ ಮುಗಿದ ಮೇಲೆ ಬ್ಯಾಗ್‌ನಲ್ಲಿ ತುರುಕಿ ಮರುದಿನ ತೆಗೆಯುವವರಿಂದ ಹುಳುಕಡ್ಡಿಯೂ ಕೀವುಗುಳ್ಳೆಯೂ ಇಡೀ ಜಿಮ್‌ಗೆ ಹರಡುತ್ತವೆ. ಒಳಗೆ ಹೊರಗೆ ಒರೆಸಿ, ಬಾಯಿ ತೆರೆದಿಟ್ಟು ಗಾಳಿಯಲ್ಲಿ ಒಣಗಿಸಿ. ಸುಡುವ ಬಿಸಿಲು, ಹೀಟರ್ ಬೇಡ, ಚರ್ಮ ಬಿರಿದು ಅಂಟು ಬಿಡುತ್ತದೆ.

ನೋವಿನ ಬಗ್ಗೆ ಒಂದು ಮಾತು. ಹೆಬ್ಬೆರಳು ಎತ್ತಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ ಒಂದು ಸಣ್ಣ ಕುಳಿ ಕಾಣುತ್ತದೆ. ಗುದ್ದಿದ ಮೇಲೆ ಅಥವಾ ಕೈಯೂರಿ ಬಿದ್ದ ಮೇಲೆ ಆ ಕುಳಿಯಲ್ಲಿ ಒತ್ತಿದರೆ ನೋವಾದರೆ ಉಳುಕೆಂದು ಬಿಡಬೇಡಿ, ಅದರಡಿಯ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಬಿರುಕುಬಿಟ್ಟಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದುಂಟು. ನೋವು ಉಳಿದಿದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಬೇಕೇ, ಅಲ್ಲಿಯವರೆಗೆ ಕೈ ಅಲುಗದಂತೆ ಸ್ಪ್ಲಿಂಟ್ ಕಟ್ಟಬೇಕೇ ಎಂದು ಮೂಳೆ ವೈದ್ಯರನ್ನು ಕೇಳಿ, ಅವರು ಹೇಳುವವರೆಗೆ ಆ ಕೈಗೆ ಯಾವ ಔನ್ಸಿನ ಗ್ಲೌಸನ್ನೂ ಹಾಕಬೇಡಿ.