ಅಕ್ವಾಪೊರಿನ್ ಅಂದ್ರೆ ಏನು, ಒಂದಕ್ಕೆ ಹೋಗೋದಕ್ಕೂ ಅದಕ್ಕೂ ಏನ್ ಸಂಬಂಧ?

ಏಪ್ರಿಲ್ ಬಿಸಿಲಲ್ಲಿ ಮೆಜೆಸ್ಟಿಕ್ಕಿಂದ ಕೆ.ಆರ್. ಮಾರ್ಕೆಟ್ ತನಕ ನಡ್ಕೊಂಡು ಹೋಗಿ, ಮಧ್ಯ ಎಲ್ಲೂ ನೀರು ಕುಡೀಬೇಡಿ, ಆಮೇಲೆ ಒಂದಕ್ಕೆ ಹೋದ್ರೆ ಬರೋದೇ ಚೂರು, ಅದೂ ಕಡು ಹಳದಿ. ಅದೇ ಸಂಜೆ ಇಂದಿರಾನಗರದಲ್ಲಿ ಕೂತು ಎರಡು ಮಗ್ ಬಿಯರ್ ಏರಿಸಿದ್ರೆ ಮತ್ತೆ ಮತ್ತೆ ಏಳ್ಬೇಕು, ಬರೋದು ನೀರಿನಷ್ಟೇ ತಿಳಿ. ಎರಡೂ ತೀರ್ಮಾನ ಆಗೋದು ಕಿಡ್ನಿಯ ಒಂದೇ ಜಾಗದಲ್ಲಿ, ಅಲ್ಲಿ ಕೆಲಸ ಮಾಡೋ ಪ್ರೋಟೀನ್ ಹೆಸರು ಅಕ್ವಾಪೊರಿನ್.

ಜೀವಕೋಶದ ಪೊರೇಲಿ ಕೂತಿರೋ, ನೀರು ದಾಟೋ ಸಣ್ಣ ಕಿಂಡಿ ಅದು. ಪೊರೆ ಅನ್ನೋದು ಕೊಬ್ಬಿನ ಎರಡು ಪದರ ತಾನೆ, ನೀರು ಅದನ್ನ ತಾನಾಗೂ ದಾಟತ್ತೆ, ಆದ್ರೆ ತುಂಬಾ ನಿಧಾನ. ಕಿಂಡಿ ಇದ್ರೆ ಒಂದೊಂದರಲ್ಲೂ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೆ ಒಂದು ನುಗ್ತವೆ. ಅಷ್ಟು ರಶ್ ಇದ್ರೂ ಪ್ರೋಟಾನ್ (ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನ್) ಮಾತ್ರ ದಾಟಕ್ಕೆ ಆಗಲ್ಲ, ಅದು ದಾಟೋ ಹಾಗಿದ್ರೆ ಜೀವಕೋಶದ ಒಳಗಿನ ಆಮ್ಲದ ಲೆಕ್ಕವೇ ಏರುಪೇರಾಗ್ತಿತ್ತು. (ಕೆಲವು ಜಾತಿ ಅಕ್ವಾಪೊರಿನ್‌ಗಳು ಗ್ಲಿಸರಾಲನ್ನೂ ಬಿಡ್ತವೆ, ಅದು ಬೇರೆ ಕಥೆ.)

ಇದನ್ನ ಕಂಡುಹಿಡಿದ ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ಹುಡುಕ್ತಾ ಇದ್ದಿದ್ದೇ ಬೇರೆ, ಕೆಂಪು ರಕ್ತಕಣದ ಆರ್‌ಎಚ್ ಪ್ರೋಟೀನ್ (ಬ್ಲಡ್ ಗ್ರೂಪಿನ ಪಾಸಿಟಿವ್-ನೆಗೆಟಿವ್ ನಿರ್ಧರಿಸೋದು) ಹಿಂದೆ ಬಿದ್ದಿದ್ರು, ಅದರ ಜೊತೆ ಗೊತ್ತಿಲ್ಲದ ಇನ್ನೊಂದು ಪ್ರೋಟೀನ್ ಬಂತು. ಅದೇನು ಮಾಡತ್ತೆ ಅಂತ ನೋಡಕ್ಕೆ ಕಪ್ಪೆ ಮೊಟ್ಟೆ ಬಳಸಿದ್ರು, ಯಾಕಂದ್ರೆ ಕೊಳದ ನೀರಲ್ಲಿ ಇಡೋ ಮೊಟ್ಟೆ ಅದು, ನೀರನ್ನ ಒಳಗೆ ಬಿಡೋದೇ ಇಲ್ಲ ಅನ್ನೋ ಅಷ್ಟು ಬಿಗಿ. ಆ ಪ್ರೋಟೀನ್ ತಯಾರಿಸೋ ಆರ್‌ಎನ್‌ಎನ ಮೊಟ್ಟೆಗೆ ಚುಚ್ಚಿ, ಉಪ್ಪು ಕಮ್ಮಿ ಇರೋ ನೀರಿಗೆ ಬಿಟ್ರೆ ಕೆಲವೇ ನಿಮಿಷದಲ್ಲಿ ಊದ್ಕೊಂಡು ಪಟ್ ಅಂತ ಒಡೀತು, ಚುಚ್ಚದೇ ಇರೋ ಮೊಟ್ಟೆಗೆ ಏನೂ ಆಗ್ಲಿಲ್ಲ. ಇದು ಬಂದಿದ್ದು 1992ರಲ್ಲಿ, 2003ರಲ್ಲಿ ಕೆಮಿಸ್ಟ್ರಿ ನೊಬೆಲ್ಲಲ್ಲಿ ಪಾಲು ಸಿಕ್ತು. ನನ್ನ ಪ್ರಕಾರ ಇಷ್ಟು ಸರಳವಾಗಿ, ಕಣ್ಣಿಗೆ ಕಾಣೋ ಹಾಗೆ ಉತ್ತರ ಕೊಟ್ಟ ಪ್ರಯೋಗಗಳು ಕಮ್ಮಿ.

ಈಗ ಕಿಡ್ನಿ. ದಿನಕ್ಕೆ ಸುಮಾರು 180 ಲೀಟರ್ ಸೋಸತ್ತೆ, ಹೊರಗೆ ಹೋಗೋದು ಒಂದೂವರೆ ಲೀಟರ್ ಆಸುಪಾಸು, ಉಳಿದಿದ್ದೆಲ್ಲ ವಾಪಸ್ ರಕ್ತಕ್ಕೆ. ಅದರಲ್ಲಿ ಹೆಚ್ಚಿನ ಪಾಲು ಕಿಡ್ನಿಯ ಸಣ್ಣ ನಾಳಗಳ ಮೊದಲ ಭಾಗದಲ್ಲೇ ವಾಪಸ್ ಆಗತ್ತೆ, ಅಲ್ಲಿ ಕಿಂಡಿಗಳು ಯಾವಾಗ್ಲೂ ಇರ್ತವೆ, ಕೇಳೋರಿಲ್ಲ. ಆಟ ಇರೋದು ಕೊನೇ ನಾಳದಲ್ಲಿ. ನಾಳದ ಸುತ್ತ ಕಿಡ್ನಿಯ ಒಳಭಾಗ ತುಂಬಾ ಉಪ್ಪುಪ್ಪು, ನೀರು ಆ ಕಡೆ ಹೋಗಕ್ಕೆ ರೆಡಿ ಇರತ್ತೆ, ಕಿಂಡಿ ಬೇಕಷ್ಟೆ.

ಆ ಕಿಂಡಿ ಕೊಡ್ಸೋದು ಎಡಿಎಚ್, ಅಂದ್ರೆ ವಾಸೊಪ್ರೆಸ್ಸಿನ್ ಅನ್ನೋ ಹಾರ್ಮೋನ್, ಬರೀ 9 ಅಮೈನೋ ಆಸಿಡ್ಡಿನ ಪುಟಾಣಿ. ತಯಾರಾಗೋದು ಮೆದುಳಿನ ಹೈಪೊಥಲಾಮಸ್‌ನಲ್ಲಿ, ರಕ್ತಕ್ಕೆ ಬೀಳೋದು ಪಿಟ್ಯುಟರಿಯ ಹಿಂಭಾಗದಿಂದ. ರಕ್ತ 1-2 ಪರ್ಸೆಂಟ್ ಗಟ್ಟಿಯಾದ್ರೂ ಸಾಕು, ಮೆದುಳಿಗೆ ಗೊತ್ತಾಗತ್ತೆ. ಜನ ಸಾಮಾನ್ಯವಾಗಿ ಅನ್ಕೊಳ್ಳೋದು ಏರಿಯಾದಲ್ಲಿ ವಾಟರ್‌ಮ್ಯಾನ್ ಬಂದು ವಾಲ್ವ್ ತಿರುಗಿಸಿದ ಹಾಗೆ ಹಾರ್ಮೋನ್ ಬಂದು ಕಿಂಡಿ ತೆಗೀತದೆ ಅಂತ. ಹಾಗಲ್ಲ. ಅಕ್ವಾಪೊರಿನ್-2 ಕಿಂಡಿಗಳು ಜೀವಕೋಶದ ಒಳಗೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸ್ಟಾಕ್ ಇರ್ತವೆ, ಎಡಿಎಚ್ ಹೊರಗಿನ ವಿ2 ರಿಸೆಪ್ಟರ್‌ಗೆ ಅಂಟಿದ ತಕ್ಷಣ ಒಳಗೆ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶ ಒಯ್ಯೋ ಅಣು ಏರತ್ತೆ, ಗುಳ್ಳೆಗಳು ಪೊರೆ ಹತ್ರ ಬಂದು ಅದರಲ್ಲೇ ಬೆರೆತು ಹೋಗ್ತವೆ, ಕಿಂಡಿ ಪೊರೇಲಿ ಕೂತ್ಕೊಳ್ಳತ್ತೆ. ಹಾರ್ಮೋನ್ ಇಳಿದ್ರೆ ಪೊರೆ ಒಳಕ್ಕೆ ಚಿವುಟ್ಕೊಂಡು ಕಿಂಡಿಗಳನ್ನ ವಾಪಸ್ ಎಳ್ಕೊಳ್ಳತ್ತೆ. ನೀರನ್ನ ಯಾರೂ ಪಂಪ್ ಮಾಡ್ತಿಲ್ಲ ಇಲ್ಲಿ, ನೀರಿಗೆ ಅಂತ ಪಂಪೇ ಇಲ್ಲ ನಮ್ಮ ದೇಹದಲ್ಲಿ. ಪಂಪ್ ಆಗೋದು ಉಪ್ಪು, ನೀರು ಅದರ ಹಿಂದೆ ಹೋಗತ್ತೆ, ಹಾರ್ಮೋನ್ ಎಷ್ಟು ಕಿಂಡಿ ಇರ್ಬೇಕು ಅಂತ ಮಾತ್ರ ಹೇಳತ್ತೆ.

ಬಿಯರ್ ವಿಷ್ಯ ಇದೇ. ಆಲ್ಕೋಹಾಲ್ ಎಡಿಎಚ್ ಹೊರಗೆ ಬರೋದನ್ನ ತಡೆಯತ್ತೆ, ಕಿಂಡಿ ಕಮ್ಮಿ ಆಗತ್ತೆ, ಉಳಿಸ್ಕೊಬೇಕಾದ ನೀರೂ ಹೊರಗೆ. ಬೇಸಿಗೇಲಿ ಬಿಯರ್ ಉಷ್ಣ ಇಳಿಸತ್ತೆ ಅನ್ನೋರಿಗೆ ಏನ್ ಹೇಳೋದು, ಬೇಕಿದ್ರೆ ಕುಡೀರಿ, ಔಷಧಿ ಅನ್ಬೇಡಿ.

ಬೇರೆ ಪ್ರಾಣಿಗಳಲ್ಲಿ ಇನ್ನೂ ಮಜಾ ಇದೆ. ಬೆಕ್ಕಿನ ಉಚ್ಚೆ ನಮ್ಮದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಗಟ್ಟಿಯಾಗ್ಬಲ್ಲದು, ಫ್ಲ್ಯಾಟಲ್ಲಿ ಬೆಕ್ಕು ಸಾಕಿರೋರಿಗೆ ವಾಸನೇಲೇ ಗೊತ್ತಿರತ್ತೆ. ಕಪ್ಪೆ ಬಾಯಲ್ಲಿ ನೀರು ಕುಡಿಯೋದೇ ಇಲ್ಲ ಅನ್ನಬಹುದು, ಹೊಟ್ಟೆ ಕೆಳಗಿನ ಚರ್ಮದಿಂದ ಹೀರತ್ತೆ, ಬ್ಲ್ಯಾಡರಲ್ಲಿ ಕೂಡಿಟ್ಟ ನೀರನ್ನೂ ಬೇಕಾದಾಗ ವಾಪಸ್ ತಗೊಳ್ಳತ್ತೆ. ಎರಡು ಕಡೇನೂ ಅಕ್ವಾಪೊರಿನ್ನೇ, ಹಾರ್ಮೋನ್ ಮಾತ್ರ ವಾಸೊಪ್ರೆಸ್ಸಿನ್‌ನ ಸೋದರ ವಾಸೊಟೋಸಿನ್. ನಮಗೆ ಆ ಭಾಗ್ಯ ಇಲ್ಲ, ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕ್ಕೊಂಡಾಗ ತುಂಬಿದ್ದು ತುಂಬಿದ್ದೇ.

ಈ ವ್ಯವಸ್ಥೆ ಕೆಟ್ರೆ ಡಯಾಬಿಟಿಸ್ ಇನ್ಸಿಪಿಡಸ್. ಶುಗರ್ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ, ಆ ಗೊಂದಲಕ್ಕೇ 2022ರಲ್ಲಿ ಹೆಸರು ಬದಲಿಸಿ ವಾಸೊಪ್ರೆಸ್ಸಿನ್ ಕೊರತೆ, ವಾಸೊಪ್ರೆಸ್ಸಿನ್ ಪ್ರತಿರೋಧ ಅಂತ ಎರಡು ಮಾಡಿದ್ರು. ತೀವ್ರ ಇದ್ರೆ ದಿನಕ್ಕೆ 10 ಲೀಟರ್ ಮೇಲೂ ಹೋಗತ್ತೆ, ಬಾಯಾರಿಕೆ ನಿಲ್ಲಲ್ಲ. ಕೊರತೆ ಅಂದ್ರೆ ಮೆದುಳಿಂದ ಹಾರ್ಮೋನ್ ಬರ್ತಿಲ್ಲ, ಪ್ರತಿರೋಧ ಅಂದ್ರೆ ಬಂದ್ರೂ ಕಿಡ್ನಿ ಕೇಳ್ತಿಲ್ಲ, (ಮಾನಸಿಕ ಕಾಯಿಲೆಗೆ ಕೊಡೋ) ಲಿಥಿಯಂ ಮಾತ್ರೆ ವರ್ಷಗಟ್ಟಲೆ ತಗೊಂಡೋರಲ್ಲಿ ಕೆಲವರಿಗೆ ಇದಾಗತ್ತೆ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಡಾಕ್ಟರ್ ಡೆಸ್ಮೊಪ್ರೆಸ್ಸಿನ್ ಅನ್ನೋ, ವಾಸೊಪ್ರೆಸ್ಸಿನ್ ಥರಾನೇ ಕೆಲಸ ಮಾಡೋ ಕೃತಕ ಹಾರ್ಮೋನ್ ಕೊಟ್ಟು ನೋಡ್ತಾರೆ. ಉಚ್ಚೆ ಚೆನ್ನಾಗಿ ಗಟ್ಟಿಯಾದ್ರೆ ಕಿಂಡಿಗಳು ಸರಿ ಇವೆ, ಮೆದುಳಿಂದ ಆರ್ಡರ್ ಬರ್ತಿರ್ಲಿಲ್ಲ ಅಷ್ಟೆ. ಏನೂ ಬದಲಾಗ್ಲಿಲ್ಲ ಅಂದ್ರೆ ತೊಂದರೆ ಕಿಡ್ನೀಲೇ ಇರೋ ಸಾಧ್ಯತೆ ಜಾಸ್ತಿ.