ಹೊಳೆದಂಡೆ ಕುಸೀತಿದ್ಯಾ? ಪಿಚಿಂಗ್‌ಗೆ ಮುಂಚೆ ನೀರಂಜಿ ನೋಡಿ

ಮಳೆಗಾಲ ಮುಗೀತಾ ಬಂತು ಅಂದ್ರೆ ನನಗೆ ಬರೋ ಫೋನ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ. "ಸಾರ್, ಈ ಸಲ ಹೊಳೆ ಇನ್ನೂ ಒಳಗೆ ಬಂತು, ಅಂಚಿನ ಒಂದು ಸಾಲು ಅಡಿಕೆ ಹೋಯ್ತು, ಕಲ್ಲು ಪಿಚಿಂಗ್ ಮಾಡ್ಸೋಣ್ವಾ?" ಅಂದ್ರೆ ದಂಡೆ ಇಳಿಜಾರಿಗೆ ಕಲ್ಲು ಹಾಸಿ ಕಟ್ಟೋದು. ನಾನು ಹೊಳೆ, ಹಳ್ಳ, ತೋಡಿನ ದಂಡೆಗಳಲ್ಲಿ ಗಿಡ ಎಬ್ಬಿಸೋ ಕೆಲ್ಸ ಮಾಡೋನು, ಕಲ್ಲು-ಸಿಮೆಂಟಿನ ಲೆಕ್ಕ ನನ್ನದಲ್ಲ, ಆದ್ರೂ ಕೇಳ್ತಾರೆ. ನಾನು ತಿರುಗಿ ಕೇಳೋದು ಇಷ್ಟೇ: ಅಲ್ಲಿ ಮುಂಚೆ ನೀರಂಜಿ ಗಿಡ ಇತ್ತಾ, ಯಾವಾಗ ತೆಗ್ಸಿದ್ರಿ? ಬಹಳಷ್ಟು ಜನ ಆ ಹೆಸರೇ ಕೇಳಿರಲ್ಲ. ಮನೇಲಿ ಅಜ್ಜ ಇದ್ರೆ ಅವರು ಹಿಂದಿನಿಂದ "ಇತ್ತಲ್ಲ ಮಾರಾಯ, ಜೆಸಿಬಿ ಬಂದಾಗ ಹೋಯ್ತು" ಅಂತಾರೆ.

ನೀರಂಜಿ, ಕೆಲವು ಕಡೆ ನೀರುವಂಜಿ ಅಂತಾರೆ, ನಮ್ಮದೇ ವಿಲ್ಲೋ. ಸಸ್ಯಶಾಸ್ತ್ರದಲ್ಲಿ ಸಾಲಿಕ್ಸ್ ಟೆಟ್ರಾಸ್ಪರ್ಮಾ, ಹೆಸರಿಟ್ಟೋರು ವಿಲಿಯಂ ರಾಕ್ಸ್‌ಬರ್ಗ್. ವಿಲ್ಲೋ ಅಂದ್ರೆ ಚಳಿದೇಶದ ಗಿಡ, ಭಾರತದಲ್ಲೂ ಇವುಗಳ ಹೆಚ್ಚಿನ ಜಾತಿಗಳೆಲ್ಲ ಹಿಮಾಲಯದ ಕಡೆಗೇ ಇರೋದು, ಆದ್ರೆ ಇದು ಮಾತ್ರ ಬಿಸಿಲು ತಡ್ಕೊಂಡು ಪಶ್ಚಿಮಘಟ್ಟದ ಹೊಳೆಬದಿ ಹಿಡಿದು ದಕ್ಷಿಣದ ತನಕ ಇದೆ. ಹಾಗೇ ಬಿಟ್ರೆ ಮಧ್ಯಮ ಗಾತ್ರದ ಮರ ಆಗುತ್ತೆ, ದನ ಮೇಯ್ದು, ನೆರೆ ಬಡಿದು, ಜನ ಸೊಪ್ಪು ಸೌದೆಗೆ ಕಡಿದು ಬುಡದಿಂದ ಹತ್ತಾರು ಕವಲೊಡೆದ ಪೊದೆಯಾಗೇ ಹೆಚ್ಚು ಕಡೆ ಕಾಣ್ಸೋದು.

ಗುರುತು ಹಿಡಿಯೋದು ಕಷ್ಟ ಇಲ್ಲ. ಎಲೆ ಉದ್ದ, ತುದಿ ಚೂಪು, ಮೇಲ್ಗಡೆ ಹೊಳೆಯೋ ಹಸಿರು, ಕೆಳಗಡೆ ಬೂದಿ ಬಳಿದ ಹಾಗೆ ಬೆಳ್ಳಗೆ, ಅದಕ್ಕೇ ಗಾಳಿ ಬಂದಾಗ ಇಡೀ ಗಿಡ ಒಂದು ಕ್ಷಣ ಬಣ್ಣ ಬದಲಾಯ್ಸಿದಂಗೆ ಕಾಣುತ್ತೆ. ಹಳೇ ಕಾಂಡದ ತೊಗಟೆ ಕಪ್ಪು, ಉದ್ದುದ್ದ ಸೀಳಿರುತ್ತೆ. ಆದ್ರೆ ನಾನು ಖಾತ್ರಿ ಮಾಡ್ಕೊಳ್ಳೋದು ಮೊಗ್ಗಿಂದ. ಎಲೆ ಉದುರಿದ ಕಡ್ಡೀಲಿ ಮೊಗ್ಗನ್ನ ಉಗುರಲ್ಲಿ ಮೆಲ್ಲಗೆ ಎಬ್ಬಿಸಿ, ಅದರ ಹೊದಿಕೆ ಪದರ ಪದರವಾಗಿ ಬಿಡಲ್ಲ, ಪುಟ್ಟ ಟೋಪಿ ಥರ ಒಂದೇ ತುಂಡಾಗಿ ಕಳಚಿ ಬರುತ್ತೆ. ವಿಲ್ಲೋಗಳಿಗೆಲ್ಲ ಇದೇ ಲಕ್ಷಣ.

ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಮಳೆ ನಿಂತು ಚಳಿ ಕಾಲಿಡೋ ಹೊತ್ತಿಗೆ ಹಳೇ ಎಲೆ ಉದುರಿ, ಹೊಸ ಚಿಗುರಿನ ಜೊತೆಗೇ ಬಾಲದಂಥ ಹೂಗೊಂಚಲು ಬರುತ್ತೆ, ಗಂಡು ಗೊಂಚಲು ಹಳದಿ, ಜೇನು ಮುತ್ತಿಕೊಂಡಿರುತ್ತೆ. ಹೆಣ್ಣು ಮರದಲ್ಲಿ ಸಣ್ಣ ಕಾಯಿ ಒಡೆದು ಬಿಳೀ ನವಿರು ಅಂಟಿಕೊಂಡ ಬೀಜ ಹಾರುತ್ತೆ. ಆ ಬೀಜಕ್ಕೆ ಆಯಸ್ಸು ಕೆಲವೇ ದಿನ, ಅಷ್ಟರೊಳಗೆ ಹಸಿ ಮೆಕ್ಕಲು ಮಣ್ಣು ಸಿಗಲಿಲ್ಲ ಅಂದ್ರೆ ಮುಗೀತು, ಹಾಗಾಗಿ ಬೀಜ ಕೂಡಿಟ್ಟು ನರ್ಸರಿ ಮಾಡೋ ಐಡಿಯಾ ಬಿಟ್ಬಿಡಿ. ಲೆಪರ್ಡ್ ಅನ್ನೋ ಕಿತ್ತಳೆ ಚಿಟ್ಟೆ ಇದರ ಎಲೆ ಮೇಲೆ ಮೊಟ್ಟೆ ಇಡುತ್ತೆ, ಹುಳ ಕಂಡ್ರೆ ದಯವಿಟ್ಟು ಔಷಧಿ ಹೊಡೀಬೇಡಿ.

ಎರಡು ಗಿಡಗಳ ಜೊತೆ ಇದನ್ನ ಕಲಸಿಕೊಳ್ತಾರೆ. ಒಂದು, ನರ್ಸರಿಯವರು ಮಾರೋ ವೀಪಿಂಗ್ ವಿಲ್ಲೋ, ಜೋತುಬಿದ್ದ ಕೊಂಬೆಯ ಆ ಮರ ಚೀನಾ ಮೂಲದ್ದು, ನಮ್ಮ ಹೊಳೆದಂಡೆಗೆ ಅದನ್ನ ತಂದು ಹಾಕೋ ಅಗತ್ಯ ಏನೂ ಇಲ್ಲ. ಇನ್ನೊಂದು ಹೊಳೆ ಮಧ್ಯದ ಬಂಡೆಗಳ ಸಂದೀಲಿ ಬೆಳೆಯೋ ಹೊಮೊನೊಯಾ ರೈಪೇರಿಯಾ, ಮಲಯಾಳದವರ ಕಲ್ಲೂರ್ವಂಚಿ, ಮೂತ್ರಕೋಶದ ಕಲ್ಲಿಗೆ ಅಂತ ಬೇರು ಬಳಸ್ತಾರಲ್ಲ, ಅದು. ಎಲೆ ನೋಡಿದ್ರೆ ಥೇಟ್ ವಿಲ್ಲೋ, ಆದ್ರೆ ಅದು ಹರಳು ಗಿಡದ ಕುಟುಂಬದ್ದು, ನೆರೆ ಬಂದಾಗ ನೀರಲ್ಲಿ ಪೂರ್ತಿ ಮುಳುಗಿ ಬಾಗಿ ಮತ್ತೆ ಏಳೋ ಗಿಡ. ಬಂಡೆ ಜಾಗ ಅದಕ್ಕೆ ಸರಿ, ಮಣ್ಣಿನ ದಂಡೆ ನೀರಂಜಿಗೆ ಸರಿ.

ಈಗ ಎಲ್ಲರೂ ಕೇಳೋ ಔಷಧಿ ವಿಷ್ಯ. ವಿಲ್ಲೋ ತೊಗಟೆ ಕಹಿ, ಅದರಲ್ಲಿ ಸ್ಯಾಲಿಸಿನ್ ಅನ್ನೋ ಅಂಶ ಇದೆ, ದೇಹದೊಳಗೆ ಅದು ಸ್ಯಾಲಿಸಿಲಿಕ್ ಆಸಿಡ್ ಆಗುತ್ತೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಅನ್ನೋ ಇಂಗ್ಲೆಂಡಿನ ಪಾದ್ರಿ ಒಣಗಿಸಿದ ವಿಲ್ಲೋ ತೊಗಟೆ ಪುಡೀನ ಸುಮಾರು 50 ಜನ ಚಳಿಜ್ವರದೋರಿಗೆ ಕೊಟ್ಟು ನೋಡಿ ರಾಯಲ್ ಸೊಸೈಟಿಗೆ ಪತ್ರ ಬರೆದ್ರು, 1828ರಲ್ಲಿ ಜರ್ಮನಿಯ ಬುಕ್ನರ್ ಸ್ಯಾಲಿಸಿನ್ ಬೇರ್ಪಡಿಸಿದ್ರು, 1897ರಲ್ಲಿ ಬೇಯರ್ ಕಂಪ್ನೀಲಿ ಸ್ಯಾಲಿಸಿಲಿಕ್ ಆಸಿಡ್‌ನಿಂದಲೇ ಆಸ್ಪಿರಿನ್ ತಯಾರಾಯ್ತು. ನಮ್ಮ ಹಳ್ಳಿ ಕಡೇನೂ ನೀರಂಜಿ ತೊಗಟೆ ಕಷಾಯ ಜ್ವರಕ್ಕೆ, ಕೀಲುನೋವಿಗೆ ಅಂತ ಇತ್ತು, ಅದರಲ್ಲಿ ಸತ್ವ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಇವತ್ತು ಮಾಡ್ಬೇಡಿ. ಮಳೆಗಾಲದ ಜ್ವರ ಡೆಂಗ್ಯೂ ಆಗಿದ್ರೆ ಆಸ್ಪಿರಿನ್ ಜಾತಿ ಯಾವ್ದೂ ಕೊಡಬಾರ್ದು, ರಕ್ತಸ್ರಾವದ ಅಪಾಯ ಜಾಸ್ತಿ. ಮಕ್ಕಳಿಗಂತೂ ಬೇಡವೇ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿರೋರು, ಹೊಟ್ಟೆ ಹುಣ್ಣಿರೋರು ಇವರೂ ದೂರ ಇರಿ. ಒಂದು ಚೆಕ್ಕೇಲಿ ಸ್ಯಾಲಿಸಿನ್ ಎಷ್ಟಿದೆ ಅಂತ ಕಷಾಯದ ಪಾತ್ರೆ ಹೇಳಲ್ಲ ನೋಡಿ. ಅದೂ ಅಲ್ದೆ ಕಾಂಡದ ಸುತ್ತ ತೊಗಟೆ ಸುಲಿದ್ರೆ ಅದರ ಮೇಲಿನ ಭಾಗ ಒಣಗಿ ಹೋಗುತ್ತೆ.

ಉಳಿದ ಉಪಯೋಗ ಬೇಗ ಹೇಳ್ಬಿಡ್ತೀನಿ. ಸೊಪ್ಪು ದನ ಆಡು ತಿನ್ನುತ್ತೆ, ಮರ ಮೆದು, ಹಗುರ, ಸೌದೆಗೆ ಇದ್ದಿಲಿಗೆ ಸೈ. ಮಣಿಪುರದಲ್ಲಿ ಎಳೇ ಹೂಗೊಂಚಲನ್ನ ತರಕಾರಿ ಥರ ತಿಂತಾರೆ, ನಮ್ಮಲ್ಲಿ ಯಾರೂ ತಿಂದದ್ದು ಕಂಡಿಲ್ಲ. ಕಾಶ್ಮೀರದಲ್ಲಿ ಚಳಿ ಕಾಯಿಸೋ ಕೆಂಡದ ಬುಟ್ಟಿ, ಅಂದ್ರೆ ಕಾಂಗ್ಡಿ, ಹೆಣೆಯೋದು ವಿಲ್ಲೋ ಕಡ್ಡೀಲಿ, ನಮ್ಮ ಮೇದರ ಕೈಗೆ ಬಿದಿರು ಬೆತ್ತ ಧಾರಾಳ ಸಿಗ್ತಿತ್ತು, ಇದರ ತಂಟೆಗೆ ಬರೋ ಅಗತ್ಯ ಬೀಳ್ಲಿಲ್ಲ. ಕ್ರಿಕೆಟ್ ಬ್ಯಾಟಿನ ವಿಲ್ಲೋ ಬೇರೆ ಜಾತಿ, ಆ ಆಸೆ ಬಿಡಿ.

ನನ್ನ ಪ್ರಕಾರ ಇದರ ನಿಜವಾದ ಬೆಲೆ ಬೇರಲ್ಲೇ ಇರೋದು. ವಿಲ್ಲೋ ಕೊಂಬೆಯ ತೊಗಟೆ ಒಳಗೆ ಬೇರಿನ ಮೊಳಕೆಗಳು ಮುಂಚೇನೇ ತಯಾರಾಗಿ ಮಲಗಿರುತ್ತೆ, ಹಸಿ ಸಿಕ್ಕಿದ ತಕ್ಷಣ ತೊಗಟೆ ಸೀಳಿ ಹೊರಗೆ ಬರುತ್ತೆ. ನೆರೇಲಿ ಮುರಿದು ಕೊಚ್ಚಿ ಹೋದ ಟೊಂಗೆ ಕೆಳಗೆಲ್ಲೋ ಮರಳಿಗೆ ಸಿಕ್ಕಿ ಅಲ್ಲೇ ಬೇರು ಬಿಡೋದು ಇದೇ ಶಕ್ತಿಯಿಂದ. ಬೇರು ಕೂದಲೆಳೆ ಥರ ಸಾವಿರಾರು ಎಳೆ, ಕುಸಿದ ದಂಡೇಲಿ ಕೈ ಹಾಕಿ ಎಳೆದ್ರೆ ಮಣ್ಣು ಹೆಂಟೆ ಹೆಂಟೆಯಾಗಿ ಬರುತ್ತೆ ಹೊರತು ಪುಡಿಯಾಗಿ ಉದುರಲ್ಲ. ಅಡಿಕೆ ಬೇರು, ಸಿಲ್ವರ್ ಓಕ್ ಬೇರು ಈ ಕೆಲ್ಸ ಮಾಡಲ್ಲ.

ನೆಡೋದು ಹೀಗೆ. ಜೂನ್‌ನಲ್ಲಿ ಬೇಡ, ಮೊದಲ ನೆರೆಗೇ ಹೋಗುತ್ತೆ. ನೀರು ಇಳಿದು ದಂಡೆ ಇನ್ನೂ ಹಸಿ ಇರುವಾಗ, ಅಂದ್ರೆ ಅಕ್ಟೋಬರ್ ಕೊನೆ, ನವೆಂಬರ್ ಸುಮಾರಿಗೆ, ಹೆಬ್ಬೆರಳು ಗಾತ್ರದ ಕೊಂಬೇನ ಮೂರಡಿ ಗೂಟ ಮಾಡಿ, ಬುಡದ ಕಡೆ ಓರೆಯಾಗಿ, ತುದಿ ಕಡೆ ನೇರವಾಗಿ ಕತ್ತರಿಸಿ, ಇಲ್ಲಾಂದ್ರೆ ಕೆಲಸದವರು ತಲೆಕೆಳಗಾಗಿ ನೆಟ್ಬಿಡ್ತಾರೆ. ಒಂದು ರಾತ್ರಿ ಹೊಳೇಲೇ ನೆನೆಹಾಕಿ. ಹಾರೆಯಲ್ಲಿ ಮೊದಲು ತೂತು ಮಾಡಿ ಆಮೇಲೆ ಇಳಿಸಿ, ಸುತ್ತಿಗೇಲಿ ಹೊಡೆದ್ರೆ ತುದಿ ಸೀಳುತ್ತೆ. ಮೂರರಲ್ಲಿ ಎರಡು ಭಾಗ ಮಣ್ಣೊಳಗೆ, ಎರಡಡಿಗೊಂದರಂತೆ ಹೆಣಿಗೆ ಸಾಲು, ಅಂದ್ರೆ ಒಂದು ಸಾಲಿನ ಗೂಟ ಇನ್ನೊಂದು ಸಾಲಿನ ಸಂದಿಗೆ ಬರೋ ಹಾಗೆ, ಕೆಳಗಿನ ಸಾಲು ಬೇಸಿಗೆ ನೀರಿನ ಮಟ್ಟಕ್ಕೆ ಹತ್ರ ಇರ್ಲಿ. ಒಂದೇ ಮರದ ಕೊಂಬೇನೇ ಎಲ್ಲಾ ಕಡೆ ನೆಟ್ರೆ ಬರೀ ಗಂಡು ಇಲ್ಲಾ ಬರೀ ಹೆಣ್ಣಾಗುತ್ತೆ, ನಾಲ್ಕಾರು ಮರದಿಂದ ತನ್ನಿ. ಮೊದಲ ವರ್ಷ ದನಕ್ಕೆ ಬೇಲಿ ಬೇಕೇ ಬೇಕು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೇಲಿ ಸವರಿ ಪೊದೆಯಾಗೇ ಇಟ್ಕೊಳ್ಳಿ, ಬಗ್ಗೋ ಕಡ್ಡಿ ನೀರಿನ ರಭಸ ಕುಗ್ಗಿಸುತ್ತೆ, ದೊಡ್ಡ ಮರ ಆದ್ರೆ ಬುಡ ಕೊರೆದಾಗ ದಂಡೆ ಸಮೇತ ಉರುಳುತ್ತೆ.

ಎಲ್ಲಾ ಕಡೆ ಇದು ಸಾಲಲ್ಲ. ದೊಡ್ಡ ಹೊಳೆ ತಿರುವಿನ ಹೊರಮಗ್ಗುಲಲ್ಲಿ ದಂಡೆ ಗೋಡೆ ಥರ ನಿಂತು ಬುಡ ಕೊರೀತಿದ್ರೆ ಕೆಳಗೆ ಕಲ್ಲು ಬೇಕು, ಮೇಲೆ ನೀರಂಜಿ. 2018ರಲ್ಲಿ ಕೊಡಗಿನಲ್ಲಿ ಆದಂಥ ಗುಡ್ಡ ಕುಸಿತಕ್ಕೆ ಇದು ಮದ್ದೂ ಅಲ್ಲ, ಅದರ ಕಥೆನೇ ಬೇರೆ. ಬಾವಿ, ಪೈಪ್‌ಲೈನ್, ತೋಟದ ಬಸಿಗಾಲುವೆ ಹತ್ರ ನೆಡಬೇಡಿ, ನೀರು ಹುಡುಕಿಕೊಂಡು ಬೇರು ಒಳಗೆ ನುಗ್ಗಿ ನೀರಿನ ದಾರಿ ಮುಚ್ಚಿಬಿಡುತ್ತೆ. ಹೊಳೆಬದಿ ಜಾಗ ಎಷ್ಟೋ ಕಡೆ ಸರ್ಕಾರದ್ದೇ ಆಗಿರುತ್ತೆ, ಕೊಂಬೆ ಕಡಿಯೋಕೆ ಮುಂಚೆ ಪಂಚಾಯ್ತೀಲೋ ಅರಣ್ಯ ಇಲಾಖೆ ಆಫೀಸಲ್ಲೋ ಒಂದು ಮಾತು ಕೇಳಿಬಿಡಿ.