ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮೂತ್ರ ಸೋರುವುದು ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ, ಎತ್ತರ 155 ಸೆಂ.ಮೀ., ತೂಕ 98 ಕೆ.ಜಿ. ಎರಡೂ ಸಹಜ ಹೆರಿಗೆ. ಕೆಮ್ಮಿದರೆ, ಸೀನಿದರೆ, ತುಂಬಿದ ಬಿಂದಿಗೆ ಎತ್ತಿದರೆ ಮೂತ್ರ ಸೋರುತ್ತದೆ. ಮೈಸೂರಿಗೆ ಬಸ್ಸು ಹತ್ತುವ ದಿನ ಬೆಳಿಗ್ಗೆಯಿಂದ ನೀರನ್ನೇ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯೂ ಇರುವುದರಿಂದ ವೈದ್ಯರು ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರಚಿಕಿತ್ಸೆಯ ಮಾತೆತ್ತಿದ್ದಾರೆ. ಅದರಿಂದ ಈ ತೊಂದರೆಯೂ ಹೋಗುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ಸೋರುವುದು ಬಹಳ ಮಟ್ಟಿಗೆ ಕಡಿಮೆಯಾಗುವ ಸಾಧ್ಯತೆ ಹೆಚ್ಚು, ಆದರೆ ಪೂರ್ತಿ ನಿಂತೇ ಹೋಗುತ್ತದೆ ಎಂದು ಯಾರೂ ಮಾತು ಕೊಡಲಾಗದು.

ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ವಸ್ತಿಕುಹರದ (ಸೊಂಟದ ಮೂಳೆಗಳ ನಡುವಿನ ಭಾಗದ) ತಳದ ಸ್ನಾಯುಗಳು ತೊಟ್ಟಿಲಿಗೆ ಕಟ್ಟಿದ ಸೀರೆಯಂತೆ ಕೆಳಗಿನಿಂದ ಹೊತ್ತಿರುತ್ತವೆ. ಹೆರಿಗೆಯಲ್ಲಿ ಹಿಗ್ಗಿದ ಈ ಸ್ನಾಯುಗಳ ಮೇಲೆ ಹೊಟ್ಟೆಯ ಕೊಬ್ಬಿನ ಒತ್ತಡವೂ ಹಗಲಿರುಳು ಬೀಳುತ್ತಿದ್ದರೆ, ಒಂದು ಕೆಮ್ಮಿನ ಹೆಚ್ಚುವರಿ ಒತ್ತಡವನ್ನೂ ಅವು ತಡೆಯಲಾರವು. ತೂಕ ಇಳಿದಾಗ ಆ ಒತ್ತಡ ಇಳಿಯುತ್ತದೆ. ಅಮೆರಿಕದಲ್ಲಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಸುಮಾರು ಶೇ. 49ರಷ್ಟು ಮಹಿಳೆಯರಿಗೆ ಮೂತ್ರ ಸೋರುತ್ತಿತ್ತು. ಒಂದು ವರ್ಷದ ನಂತರ ಅದು ಶೇ. 18ಕ್ಕೆ ಇಳಿಯಿತು, ಮೂರನೆಯ ವರ್ಷಕ್ಕೆ ಶೇ. 25ರ ಆಸುಪಾಸಿಗೆ ಏರಿತು. ಸ್ವಲ್ಪ ತೂಕ ಮರಳಿ ಬಂದವರಲ್ಲಿ ಸೋರುವಿಕೆಯೂ ಮರಳಬಹುದು.

ಗರ್ಭಕೋಶ ಜಾರಿದ್ದರೆ ಮಾತೇ ಬೇರೆ. ತೂಕ ಇಳಿದರೆ ಕೆಳಗೆ ಭಾರವೆನಿಸುವುದು ಹಗುರಾಗಬಹುದೇ ಹೊರತು, ಸಡಿಲಗೊಂಡ ಆಧಾರ ತಾನಾಗಿ ಮೊದಲಿನಂತಾಗದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲೇ ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲೋ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಪರೀಕ್ಷೆ ಮಾಡಿಸಿಕೊಳ್ಳಿ. ಮಲ ತಡೆಯಲಾಗದ ತೊಂದರೆಯಿದ್ದರೆ ನಾಚಿಕೆ ಬಿಟ್ಟು ಶಸ್ತ್ರವೈದ್ಯರಿಗೆ ಹೇಳಿ. ಜಠರದ ಬೈಪಾಸ್ (ಜಠರವನ್ನು ಕಿರಿದು ಮಾಡಿ, ಆಹಾರ ಸಣ್ಣಕರುಳಿನ ಮೊದಲ ಭಾಗವನ್ನು ತಪ್ಪಿಸಿ ಹೋಗುವಂತೆ ಮಾಡುವ ವಿಧಾನ) ಮಾಡಿಸಿಕೊಂಡ ಕೆಲವರಿಗೆ ಭೇದಿಯಾಗುವುದರಿಂದ, ಯಾವ ವಿಧಾನವೆಂದು ನಿರ್ಧರಿಸುವಾಗ ಅದು ಗಣನೆಗೆ ಬರಬೇಕು.

ಸೋರುವಿಕೆಯೊಂದಕ್ಕಾಗಿಯೇ ಈ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40ನ್ನು ದಾಟಿದೆ, ಜೊತೆಗೆ ಸಕ್ಕರೆ ಕಾಯಿಲೆಯಿದೆ; ವೈದ್ಯರ ಸಲಹೆಗೆ ಅಷ್ಟೇ ಸಾಕಷ್ಟು ಕಾರಣ. ಸಕ್ಕರೆ ಹತೋಟಿಗೆ ಬಂದರೆ ಪದೇ ಪದೇ ಮೂತ್ರಕ್ಕೆ ಹೋಗುವುದೂ ತಗ್ಗುತ್ತದೆ.

ನನಗೆ ಹೆಚ್ಚು ಆತಂಕ ತಂದಿರುವುದು ನೀವು ನೀರು ಕುಡಿಯದೇ ಇರುವ ವಿಷಯ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಹೀಗೆಯೇ ದಿನ ದೂಡುತ್ತಾರೆ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶ ಕೆರಳುತ್ತದೆ, ಮಲಬದ್ಧತೆಯಾಗಿ ತಿಣುಕುವುದರಿಂದ ಅದೇ ಸ್ನಾಯುಗಳು ಮತ್ತೆ ದಣಿಯುತ್ತವೆ. ಜಠರವನ್ನು ಕಿರಿದು ಮಾಡಿದ ಮೇಲಂತೂ ಒಂದೇ ಬಾರಿಗೆ ಲೋಟ ನೀರು ಕುಡಿಯಲಾಗದು. ದಿನವಿಡೀ ಗುಟುಕು ಗುಟುಕಾಗಿ ಕುಡಿಯದಿದ್ದರೆ ನಿರ್ಜಲೀಕರಣವಾಗಿ ಆಸ್ಪತ್ರೆ ಸೇರಬೇಕಾಗಬಹುದು. ನೀರು ಕುಡಿಯದೇ ಇರುವ ಅಭ್ಯಾಸವನ್ನು ಈಗಿನಿಂದಲೇ ಬಿಡಿ.

ಕೆಗಲ್ ವ್ಯಾಯಾಮಕ್ಕೂ ಶಸ್ತ್ರಚಿಕಿತ್ಸೆಯ ದಿನಾಂಕಕ್ಕಾಗಿ ಕಾಯಬೇಕಾಗಿಲ್ಲ. ವಾಯುವನ್ನು ತಡೆಯುವಾಗ ಬಿಗಿಯುವ ಸ್ನಾಯುವನ್ನು ಉಸಿರು ಕಟ್ಟದೆ, ತೊಡೆ ಹಿಸುಕದೆ ಐದಾರು ಸೆಕೆಂಡು ಬಿಗಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಿ. ಹತ್ತು ಬಾರಿಯಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ಮಾಡಿ. ಕೆಮ್ಮು ಬರುವ ಮುನ್ನವೂ ಒಮ್ಮೆ ಬಿಗಿಯಿರಿ. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿಕೊಂಡರೆ ಅಥವಾ ಯೋನಿಯಿಂದ ಗಡ್ಡೆಯಂತಹದ್ದು ಹೊರಬಂದರೆ ತಡ ಮಾಡದೆ ವೈದ್ಯರನ್ನು ಕಾಣಿ.